ಪದ ಪರಿಚಯ: ಕೊಕ್ಕರೆ

ದ್ರಾವಿಡ ಮೂಲದ ಪದ. ತಮಿಳು, ಮಲಯಾಳಗಳಲ್ಲಿ ‘ಕೊಕ್ಕು’, ತೆಲುಗಿನಲ್ಲಿ ‘ಕೊಕ್ಕೆರ’. ತಮಿಳಿನ ‘ಕೊಕ್ಕು’ ಇಡೀ ಹಕ್ಕಿ. ಇಂದಿನ ಕನ್ನಡದಲ್ಲಿ ಕೊಕ್ಕು ಎಂದರೆ ಚುಂಚು ಮಾತ್ರ.

ದನಗಳ ಹಿಂದೆ ನಡೆಯುವ ಗೋವಕ್ಕಿಗೆ ತಮಿಳಿನಲ್ಲಿ ‘ಉಣ್ಣಿಕ್ಕೊಕ್ಕು’ ಎನ್ನುತ್ತಾರೆ. ಉಣ್ಣಿ ಎಂದರೆ ನಮ್ಮ ಉಣ್ಣೆ, ದನದ ಮೈಗೆ ಅಂಟುವ ಹುಳು. ಆದರೆ ಈ ಹಕ್ಕಿಯ ಆಹಾರವನ್ನು ಪರೀಕ್ಷಿಸಿದ ಸಂಶೋಧಕರಿಗೆ ಹೆಚ್ಚಾಗಿ ಸಿಕ್ಕಿದ್ದು ಮಿಡತೆ. ಉಣ್ಣೆಯ ಪಾಲು ತೀರ ಕಡಿಮೆ. ಗೊರಸಿನ ಸದ್ದಿಗೆ ಬೆದರಿ ಹಾರುವ ಹುಳುಗಳನ್ನು ಅದು ಹೆಚ್ಚು ಓಡಾಡದೆ ಹಿಡಿಯುತ್ತದೆ. ಅದಕ್ಕೇ ಉಳುವ ಟ್ರ್ಯಾಕ್ಟರನ್ನೂ ಬಿಡುವುದಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೆಸರು ಕೊಟ್ಟದ್ದು ಇದೇ ಪದ. ಅಲ್ಲಿ ಹೆಜ್ಜಾರ್ಲೆಯ ಜೊತೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಅರೆತೆರೆದ ಕೊಕ್ಕನ್ನು ನೀರಲ್ಲಿಟ್ಟು, ಮೀನು ತಗುಲಿದೊಡನೆ ಮುಚ್ಚಿಬಿಡುತ್ತದೆ. ಕಣ್ಣಿಗಿಂತ ಸ್ಪರ್ಶವೇ ಅದರ ಬೇಟೆಯ ದಾರಿ.

ಆಡುಮಾತಿನಲ್ಲಿ ಉದ್ದ ಕಾಲಿನದೆಲ್ಲ ಕೊಕ್ಕರೆಯೇ. ಪಕ್ಷಿಗಳ ಕುರಿತು ಬರೆಯುವಾಗ ಮಾತ್ರ ಕೊಕ್ಕರೆ, ಬಕ, ಬೆಳ್ಳಕ್ಕಿಗಳನ್ನು ಬೇರೆ ಬೇರೆಯಾಗಿ ಹೇಳುವುದೇ ಸರಿ.