ದಿಂಬಿನ ಪಕ್ಕದ ಡಬ್ಬಿ

ನಮ್ಮ ಅತ್ತೆಯವರಿಗೆ ಉಬ್ಬಸವಿತ್ತು. ಹಗಲೆಲ್ಲ ಸುಮ್ಮನಿದ್ದು, ಬೆಳಗಿನ ಜಾವ ಅವರನ್ನು ಎಬ್ಬಿಸಿ ಕೂರಿಸುತ್ತಿತ್ತು. ದಿಂಬಿನ ಪಕ್ಕ ಮಾತ್ರೆಯ ಡಬ್ಬಿ, ನೀರಿನ ಚೊಂಬು ಇಡದೆ ನಾನು ದೀಪ ಆರಿಸುತ್ತಿರಲಿಲ್ಲ. ಒಂದು ರಾತ್ರಿ ಡಬ್ಬಿ ಬರಿದಾಗಿತ್ತು. ಅಂಗಡಿಯವರನ್ನು ಎಬ್ಬಿಸಿ ಮಾತ್ರೆ ತರುವವರೆಗಿನ ಆ ಅರ್ಧ ಗಂಟೆಯನ್ನು ನಾನಿನ್ನೂ ಮರೆತಿಲ್ಲ.

ಸ್ನೇಹಲತಾ ರೆಡ್ಡಿಯವರ ವಿಷಯ ಓದಿದಾಗ ನೆನಪಾದದ್ದು ಆ ಅರ್ಧ ಗಂಟೆಯೇ. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯನ್ನು ನೋಡಿದವರು ಮರೆಯಲಾರರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಶಂಕೆಯ ಮೇಲೆ ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಕೊನೆಯ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೂ ಹಳೆಯ ಉಬ್ಬಸ. ಬೇಕಾದ ಚಿಕಿತ್ಸೆ ತಪ್ಪದೆ ಸಿಗಲಿಲ್ಲ. ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನಿಶ್ಶಬ್ದದಲ್ಲಿ ಆಕೆಯ ಕೂಗು ಕೇಳಿಸುತ್ತಿತ್ತೆಂದು ಮುಂದೆ ನೆನೆದಿದ್ದಾರೆ. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು.

ಕಾನೂನು ಇರಲಿಲ್ಲವೆ? ಇತ್ತು. ಕಾಯಿಲೆಯ ಕೈದಿಯ ವಿಷಯವನ್ನು ತಡಮಾಡದೆ ಜೈಲರಿಗೆ ತಿಳಿಸಬೇಕೆಂದು 1894ರ ಕಾರಾಗೃಹ ಕಾಯ್ದೆಯೇ ಹೇಳುತ್ತಿತ್ತು. ಆದರೆ ಕಾವಲುಗಾರರಿಂದ ಜೈಲರಿಗೆ, ಜೈಲರಿಂದ ವೈದ್ಯರಿಗೆ ಸುದ್ದಿ ಮುಟ್ಟುವವರೆಗೆ ಉಸಿರು ಕಾಯುತ್ತದೆಯೆ?

ಮುಂದೆ ಬೆಂಗಳೂರಿನ ಸೆಂಟ್ರಲ್ ಜೈಲಿನಿಂದಲೇ ರಾಮಮೂರ್ತಿ ಎಂಬ ಕೈದಿಯ ಪತ್ರವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ತೀರ್ಪು ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಆರೋಗ್ಯದ ಕಡೆಗಣನೆ ಅವುಗಳಲ್ಲೊಂದು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು, ಹೊರಗಿನವರಿಗೆ ಸಿಗುವಷ್ಟೇ ಚಿಕಿತ್ಸೆ ಒಳಗಿನವರಿಗೂ ಸಿಗಬೇಕು, ಅದು ನಡುವೆ ಕಡಿಯಬಾರದು ಎಂದವು.

ಇದನ್ನು ನಡೆಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಬಂದ ದಿನವೇ ಯಾವ ಔಷಧಿ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಳ್ಳಬೇಕು. ಮುಗಿಯುವ ಮೊದಲೇ ತರಿಸಬೇಕು. ಬೀಗ ಬಿದ್ದ ಮೇಲೂ ಮಾತ್ರೆ ಕೈಗೆ ಸಿಗುವಂತಿರಬೇಕು. ಬಿಡುಗಡೆಯಾಗುವವರ ಕೈಗೆ ಕೆಲವು ದಿನದ ಮಾತ್ರೆ, ಜೊತೆಗೊಂದು ಚೀಟಿ ಕೊಟ್ಟು ಕಳಿಸಬೇಕು. ಮನೆಯಲ್ಲಿ ನಾವು ದಿನವೂ ಮಾಡುವ ಕೆಲಸವೇ ಅಲ್ಲವೆ ಇದು?

ಆ ಹಳೆಯ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ. ಕೈದಿಗಳು ಪರಪ್ಪನ ಅಗ್ರಹಾರದಲ್ಲಿದ್ದಾರೆ. ಅವರಲ್ಲೂ ಉಬ್ಬಸದವರು, ಸಕ್ಕರೆ ಕಾಯಿಲೆಯವರು ಇದ್ದೇ ಇರುತ್ತಾರೆ. ಅವರ ಡಬ್ಬಿ ಬರಿದಾದರೆ ಎದ್ದು ಹೋಗಿ ತರುವ ಸೊಸೆ ಅಲ್ಲಿಲ್ಲ. ಬೀಗ ಹಾಕಿದವರೇ ಆ ಲೆಕ್ಕವನ್ನೂ ಇಡಬೇಕು.