ಮಧ್ಯಯುಗದ ಮರುಸೃಷ್ಟಿ: ಒಂದು ಸಂಘದ ಸ್ಥಳೀಯ ಶಾಖೆಗಳು

ಪರಂಪರೆಯೆಂದರೆ ಹಿರಿಯರಿಂದ ಕಿರಿಯರಿಗೆ ಇಳಿದುಬಂದದ್ದು ಎಂಬ ಗ್ರಹಿಕೆ ಜಾನಪದ ಅಧ್ಯಯನದಲ್ಲಿ ಬಹುಕಾಲ ಪ್ರಬಲವಾಗಿತ್ತು. ತಮಗೆ ಇಳಿದುಬಾರದ ಒಂದು ಕಾಲವನ್ನು ತಾವೇ ಆರಿಸಿಕೊಂಡು ಅದರ ಉಡುಗೆ, ಅಡುಗೆ, ಕಾಳಗಗಳನ್ನು ರೂಢಿಸಿಕೊಳ್ಳುವ ಸಮುದಾಯಗಳು ಈ ಗ್ರಹಿಕೆಯನ್ನು ಪ್ರಶ್ನಿಸುತ್ತವೆ. ಅಮೆರಿಕದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್ ಅಂಥದೊಂದು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಲೇಖಕಿ ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಿನಲ್ಲಿ ನಡೆದ ಪಂದ್ಯಕೂಟವೇ ಇದರ ಮೂಲ. 1968ರಲ್ಲಿ ಇದು ಲಾಭರಹಿತ ಸಂಸ್ಥೆಯಾಗಿ ನೋಂದಣಿಯಾಯಿತು.

ಸಂಘವು ತನ್ನ ವ್ಯಾಪ್ತಿಯನ್ನು ‘ರಾಜ್ಯ’ಗಳಾಗಿ ಹಂಚಿಕೊಂಡಿದೆ. ವೆಸ್ಟ್, ಈಸ್ಟ್, ಮಿಡ್ಲ್ ಎಂಬವು ಮೊದಲಿನವು. ರಾಜ್ಯದೊಳಗೆ ಬ್ಯಾರನಿ ಮತ್ತು ಶೈರ್, ಬ್ಯಾರನಿಗೆ ಅಧೀನವಾಗಿ ಕ್ಯಾಂಟನ್, ವಿದ್ಯಾಸಂಸ್ಥೆಗಳಲ್ಲಿ ಕಾಲೇಜ್, ಸೇನಾನೆಲೆಗಳಲ್ಲಿ ಸ್ಟ್ರಾಂಗ್‌ಹೋಲ್ಡ್ ಎಂಬ ಶಾಖೆಗಳಿವೆ. ಮಧ್ಯಯುಗ ನಿಜವಾಗಿ ನಡೆದ ಯುರೋಪಿನ ನೆಲಕ್ಕೆ ಈ ಆಚರಣೆಯನ್ನು ಒಯ್ದವರಲ್ಲಿ ಅಲ್ಲಿ ನೆಲೆಸಿದ್ದ ಅಮೆರಿಕನ್ ಸೈನಿಕರು ಪ್ರಮುಖರೆಂಬುದು ವಿಚಿತ್ರವಾದರೂ ನಿಜ. ಈಸ್ಟ್ ರಾಜ್ಯದ ಅಧೀನದಲ್ಲಿದ್ದ ಯುರೋಪಿನ ಡ್ರಾಕೆನ್‌ವಾಲ್ಡ್ 1993ರಲ್ಲಿಯೂ, ವೆಸ್ಟ್‌ಗೆ ಸೇರಿದ್ದ ಆಸ್ಟ್ರೇಲಿಯಾ–ನ್ಯೂಜಿಲೆಂಡ್‌ಗಳ ಲೋಚಾಕ್ 2002ರಲ್ಲಿಯೂ ಸ್ವತಂತ್ರ ರಾಜ್ಯಗಳಾದವು.

ಈ ವ್ಯವಸ್ಥೆಯಲ್ಲಿ ಅಧಿಕಾರಕ್ಕೆ ಎರಡು ನೆಲೆಗಳಿವೆ. ಬೆತ್ತದ ಕತ್ತಿ ಹಿಡಿದು ಕಾದಾಡಿ ಗೆದ್ದವರು ತಮ್ಮ ಸಂಗಾತಿಯೊಡನೆ ಸಿಂಹಾಸನವೇರುತ್ತಾರೆ. ವೆಸ್ಟ್‌ನಲ್ಲಿ ಒಂದು ಆಳ್ವಿಕೆ ನಾಲ್ಕು ತಿಂಗಳು, ಈಸ್ಟ್‌ನಲ್ಲಿ ಆರು ತಿಂಗಳು. ಒಡ್ಡೋಲಗ, ಬಿರುದು, ಮನ್ನಣೆಗಳು ಇವರ ಪಾಲು. ಸಭಾಂಗಣ ಗೊತ್ತುಮಾಡುವುದು, ಹಣದ ಲೆಕ್ಕ, ವರದಿಗಳು ಬೇರೆಯವರ ಹೊಣೆ. ಶಾಖೆಯ ಆಡಳಿತ ನಡೆಸಿ, ಕಾನೂನಿನ ಮುಂದೆ ಅದನ್ನು ಪ್ರತಿನಿಧಿಸುವವರು ಸೆನೆಷಲ್. ಕನ್ನಡದ ‘ಪಾರುಪತ್ಯಗಾರ’ ಎಂಬ ಮಾತು ಈ ಹುದ್ದೆಗೆ ಚೆನ್ನಾಗಿ ಒಪ್ಪುತ್ತದೆ. ಇವರ ಜೊತೆಗೆ ಖಜಾಂಚಿ ಮೊದಲಾದ ಅಧಿಕಾರಿಗಳಿರುತ್ತಾರೆ.

ಶೈರ್‌ನ ರಚನೆಯನ್ನು ಗಮನಿಸಿದರೆ ಈ ಎರಡರಲ್ಲಿ ಯಾವುದು ಬುನಾದಿಯೆಂಬುದು ತಿಳಿಯುತ್ತದೆ. ಬ್ಯಾರನಿಗೆ ರಾಜದಂಪತಿಗಳು ನೇಮಿಸಿದ ಬ್ಯಾರನ್ ಇರುತ್ತಾರೆ. ಶೈರ್‌ಗೆ ಅಂಥ ಒಡೆಯರೇ ಇಲ್ಲ. ಆದರೂ ಅದು ಪೂರ್ಣಪ್ರಮಾಣದ ಶಾಖೆ. ಸೆನೆಷಲ್ ಇಲ್ಲದೆ ಮಾತ್ರ ಅದು ನಿಲ್ಲದು. ಅರಸನ ಮಾತು ಕೂಡ ನಾಡಿನ ಕಾನೂನು, ಸಂಸ್ಥೆಯ ನಿಯಮಾವಳಿಗಳಿಗಿಂತ ಕೆಳಗಿನದು. ಊಳಿಗಮಾನ್ಯದ ಮೇಲುಡುಗೆಯೊಳಗೆ ಇಪ್ಪತ್ತನೆಯ ಶತಮಾನದ ನೋಂದಾಯಿತ ಸಂಸ್ಥೆಯೇ ಉಸಿರಾಡುತ್ತಿದೆ. ಇದನ್ನು ಕೇವಲ ವೇಷವೆಂದು ತಳ್ಳಿಹಾಕುವುದು ಸರಿಯಲ್ಲ. ಕಿರೀಟಕ್ಕಾಗಿ ಕಣಕ್ಕಿಳಿಯಲು ಜನರಿರುತ್ತಾರೆ. ಸಂಬಳವಿಲ್ಲದೆ ವರ್ಷವಿಡೀ ಲೆಕ್ಕಪುಸ್ತಕ ಹಿಡಿದು ಕೂರುವವರು ಸಿಗದಿದ್ದರೆ ಆ ಕಣವನ್ನು ಹಾಕುವವರೇ ಇರುವುದಿಲ್ಲ.