ಕೀಲಿಮಣೆಗೆ ಕನ್ನಡ ಕಲಿಸಿದ ಕಥೆ



ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ನಿಲ್ದಾಣಗಳು ಒಂದರ ನಂತರ ಒಂದು ಬರುತ್ತವೆ. ಫಲಕಗಳ ಮೇಲಿನ ಈ ಹೆಸರುಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿರಿ. ‘ಹಾವೇರಿ’ಯಲ್ಲಿ ಒತ್ತಕ್ಷರವಿಲ್ಲ. ‘ರಾಣೆಬೆನ್ನೂರು’ ಎಂಬಲ್ಲಿ ನಕಾರಕ್ಕೆ ನಕಾರದ್ದೇ ಒತ್ತು. ಅದು ಸಜಾತೀಯ ಸಂಯುಕ್ತಾಕ್ಷರ. ‘ಬ್ಯಾಡಗಿ’ಯಲ್ಲಿ ಬಕಾರಕ್ಕೆ ಯಕಾರದ ಒತ್ತು, ಅದು ವಿಜಾತೀಯ. ಇಂಗ್ಲಿಷಿನ 26 ಅಕ್ಷರಗಳಿಗಾಗಿ ಹುಟ್ಟಿದ ಕೀಲಿಮಣೆಯ ಮೇಲೆ ಇವೆಲ್ಲವನ್ನೂ ಮೂಡಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸ ಸ್ವಾರಸ್ಯಕರವಾದುದು.

ಮೊದಲು ಬಂದದ್ದು ಬೆರಳಚ್ಚು ಯಂತ್ರ. ಕನ್ನಡಕ್ಕೆ ಅದರ ಕೀಲಿಮಣೆಯನ್ನು ರೂಪಿಸಿದವರಲ್ಲಿ ಅನಂತ ಸುಬ್ಬರಾವ್ ಅವರ ಹೆಸರು ಮುಖ್ಯವಾದುದು. ಆ ಯಂತ್ರದಲ್ಲಿ ಪ್ರತಿ ಕೀಲಿಗೂ ಒಂದು ಲೋಹದ ಅಚ್ಚು ಅಂಟಿಕೊಂಡಿರುತ್ತಿತ್ತು. ಅಕ್ಷರಕ್ಕೊಂದು ಅಚ್ಚು, ಒತ್ತಿಗೆ ಬೇರೆ ಅಚ್ಚು. ಒಮ್ಮೆ ಕೂಡಿಸಿದ ಮೇಲೆ ಕೀಲಿಯ ಕೆಲಸವನ್ನು ಬದಲಿಸುವುದು ಬಳಸುವವನ ಕೈಯಲ್ಲಿರಲಿಲ್ಲ.

ಗಣಕಯಂತ್ರ ಈ ಬಂಧನವನ್ನು ಕಡಿಯಿತು. ಇಲ್ಲಿ ಕೀಲಿಯನ್ನು ಒತ್ತಿದಾಗ ಒಳಗೆ ಹೋಗುವುದು ಅಕ್ಷರವಲ್ಲ, ಬರಿಯ ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಅಕ್ಷರ ಎಂಬುದನ್ನು ತಂತ್ರಾಂಶ ಒಂದು ಪಟ್ಟಿಯನ್ನು ನೋಡಿ ನಿರ್ಧರಿಸುತ್ತದೆ. ಪಟ್ಟಿ ಬದಲಾದರೆ ಕೀಲಿಯ ಅರ್ಥವೂ ಬದಲಾಗುತ್ತದೆ!

1986ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ಭಾರತೀಯ ಭಾಷೆಗಳಿಗೆಲ್ಲ ಹೊಂದುವ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವನ್ನು ತಂದಿತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ ಕೆ.ಪಿ. ರಾವ್ ಅವರು ಬೇರೆ ದಾರಿ ಹಿಡಿದರು. ಉಚ್ಚಾರಣೆ ಹೋಲುವ ಇಂಗ್ಲಿಷ್ ಕೀಲಿಯಲ್ಲೇ ಕನ್ನಡದ ಅಕ್ಷರವನ್ನು ಕೂರಿಸಿದರು. ಶಿಫ್ಟ್ ಕೀಲಿ ಹಿಡಿದರೆ ಕಕಾರ ಖಕಾರವಾಗುತ್ತದೆ, ಲಕಾರ ಳಕಾರವಾಗುತ್ತದೆ. ಒತ್ತುಗಳಿಗೆಲ್ಲ ಸೇರಿ ‘ಎಫ್’ ಎಂಬ ಒಂದೇ ಕೀಲಿ. ‘ಬ್ಯಾಡಗಿ’ ಬೇಕಿದ್ದರೆ ಬ, ಎಫ್, ಯ, ಆ, ಡ, ಗ, ಇ: ಏಳೇ ಒತ್ತು. ಕರ್ನಾಟಕ ಸರ್ಕಾರ ಮುಂದೆ ಈ ವಿನ್ಯಾಸವನ್ನೇ ಅಲ್ಪ ಮಾರ್ಪಾಡುಗಳೊಡನೆ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಕಚೇರಿ, ಶಾಲೆಗಳಿಗೆ ಒಯ್ದಿತು. ಪರಿಷತ್ತಿನ ಹೆಸರಿನಿಂದಲೇ ಅದು ‘ಕಗಪ’ ಎನಿಸಿತು.

1991ರಲ್ಲಿ ಎರಡು ಮಹತ್ವದ ಘಟನೆಗಳು ನಡೆದವು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಅನ್ನು ಹೊರತಂದರು. ಯುನಿಕೋಡ್‌ನ ಮೊದಲ ಆವೃತ್ತಿಯೂ ಪ್ರಕಟವಾಯಿತು. ಲಿನಕ್ಸ್ ಮುಕ್ತ ತಂತ್ರಾಂಶ. ಮೇಲೆ ಹೇಳಿದ ಪಟ್ಟಿ ಅಲ್ಲಿ ಸಾಮಾನ್ಯ ಪಠ್ಯದ ಕಡತವಾಗಿರುತ್ತದೆ. ಯಾರೂ ತೆರೆದು ಓದಬಹುದು, ತಿದ್ದಬಹುದು. ಇನ್‌ಸ್ಕ್ರಿಪ್ಟ್, ಕಗಪ ಎರಡೂ ಅದರಲ್ಲಿವೆ.

ವಿಶೇಷ ಕೀಲಿಗಳ ವಿಷಯವೂ ಹೀಗೆಯೇ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಹಾಗಾಗಿ ‘ಕ್ಯಾಪ್ಸ್ ಲಾಕ್’ ಕೀಲಿಗೆ ನಮ್ಮ ಬರವಣಿಗೆಯಲ್ಲಿ ಕೆಲಸವೇ ಇಲ್ಲ. ಲಿನಕ್ಸಿನ ಕೀಲಿಮಣೆ ವ್ಯವಸ್ಥೆಯಲ್ಲಿ ಅದನ್ನೇ ಕನ್ನಡ–ಇಂಗ್ಲಿಷ್ ನಡುವೆ ದಾಟುವ ಕೀಲಿಯನ್ನಾಗಿ ಮಾಡಿಕೊಳ್ಳಬಹುದು. ಬಲಬದಿಯ ‘ಆಲ್ಟ್’ ಕೀಲಿಯನ್ನು ಅಪರೂಪದ ಚಿಹ್ನೆಗಳಿಗೆ ಮೀಸಲಿಡಬಹುದು.

ಆದರೆ ಒಬ್ಬೊಬ್ಬರು ಒಂದೊಂದು ವಿನ್ಯಾಸ ಇಟ್ಟುಕೊಂಡರೆ ಗೊಂದಲವಾಗದೆ? ಹಿಂದೆ ಆಗುತ್ತಿತ್ತು. ತಂತ್ರಾಂಶಕ್ಕೊಂದು ಸಂಕೇತ ಪದ್ಧತಿ ಇದ್ದುದರಿಂದ ಒಂದು ಕಚೇರಿಯ ಕನ್ನಡ ಇನ್ನೊಂದು ಕಚೇರಿಯಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತಿತ್ತು. ಯುನಿಕೋಡ್ ಈ ತೊಡಕನ್ನು ನಿವಾರಿಸಿತು. ಯಾವ ವಿನ್ಯಾಸದಲ್ಲಿ ಒತ್ತಿದರೂ ‘ಬ್ಯಾಡಗಿ’ ಒಳಗೆ ಸಂಗ್ರಹವಾಗುವುದು ಅವೇ ಏಳು ಸಂಕೇತಗಳಾಗಿ. ಬೆರಳಿಗೆ ಸ್ವಾತಂತ್ರ್ಯ, ಬರಹಕ್ಕೆ ಏಕರೂಪ: ಎರಡೂ ಒಟ್ಟಿಗೆ ದೊರೆತವು.

ನೆನಪಿಡಿ: ಯಂತ್ರಕ್ಕಾಗಿ ಭಾಷೆ ತನ್ನ ಒತ್ತು, ಕೊಂಬುಗಳನ್ನು ಬಿಟ್ಟುಕೊಡಬೇಕಾಗಿಲ್ಲ. ಪಟ್ಟಿ ನಮ್ಮ ಕೈಯಲ್ಲಿದ್ದರೆ ಯಂತ್ರವೇ ಭಾಷೆಗೆ ಹೊಂದಿಕೊಳ್ಳುತ್ತದೆ. ನಿಮ್ಮ ಊರಿನ ಹೆಸರನ್ನು ಎರಡೂ ವಿನ್ಯಾಸಗಳಲ್ಲಿ ಬೆರಳಚ್ಚಿಸಿ, ಎಷ್ಟು ಕೀಲಿ ಬೇಕಾದವೆಂದು ಎಣಿಸಿ ನೋಡಿರಿ.